ಹಾರ್ಮೆನ್‌ನ ಪಟ್ಟೆ ಟ್ಯುಲಿಪ್

ಹಾರ್ಮೆನ್‌ನ ಹೊಲದ ಕೆಂಪು ಟ್ಯುಲಿಪ್‌ಗಳ ನಡುವೆ ಒಂದೇ ಒಂದು ಹೂವು ಬಿಳಿ ಪಟ್ಟೆ ಎಳೆದುಕೊಂಡು ಅರಳಿತು. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಟ್ಯುಲಿಪ್ ಬೆಳೆಯುವ ಹಿಲ್ಲೆಗೊಮ್ ಊರಿನಲ್ಲಿ ಕೂಸಿಗೂ ಗೊತ್ತು, ಪಟ್ಟೆ ಅಂದರೆ ರೋಗ. ಕಂಡ ತಕ್ಷಣ ಕಿತ್ತು ಬಿಸಾಡಬೇಕು. ಹಾರ್ಮೆನ್ ಬಿಸಾಡಲಿಲ್ಲ. "ಇದು ಹೊಸ ತಳಿ, ಇದಕ್ಕೆ ನನ್ನ ಹೆಸರು" ಎಂದು ಹಠ ಹಿಡಿದ. ತಾಯಿಗೆಡ್ಡೆಯನ್ನು ಕುಂಡದಲ್ಲಿ ನೆಟ್ಟ. ಮಗ್ಗುಲಲ್ಲಿ ಒಡೆದ ಮರಿಗೆಡ್ಡೆಯನ್ನು ಲ್ಯಾಬಿಗೆ ಕೊಟ್ಟ. ಅಲ್ಲಿ ಮೊಳಕೆಯ ತುದಿಯಿಂದ ಸಾಸಿವೆಯಷ್ಟು ಚೂರು ತೆಗೆದು, ಗಾಜಿನ ಸೀಸೆಯಲ್ಲಿ ಬೆಳೆಸಿ, ಒಂದನ್ನು ನೂರು ಮಾಡುತ್ತಾರೆ. ವರ್ಷಗಟ್ಟಲೆ ಕಾದ ಮೇಲೆ ಅವು ಲ್ಯಾಬಿನಲ್ಲೇ ಹೂ ಬಿಟ್ಟವು. ಇವತ್ತು ಊರ ಪದ್ಧತಿಯಂತೆ ಹೂವಿನ ಮೇಲೆ ಶಾಂಪೇನ್ ಸುರಿದು ನಾಮಕರಣ.

ಬೆಳಿಗ್ಗೆಯೇ ಪಕ್ಕದ ಮನೆ ಕ್ರೈನ್ ಬೇಲಿಯ ಮೇಲೆ ಕತ್ತು ಚಾಚಿದ.

"ಏನಯ್ಯಾ, ನಿನ್ನ ರೋಗಿಷ್ಟ ಇನ್ನೂ ಸತ್ತಿಲ್ವಾ? ಅದರ ರೋಗ ಹರಡೋ ಸಸ್ಯಹೇನು ನನ್ನ ಹೊಲಕ್ಕೆ ಬಂದ್ರೆ ಗತಿಯೇನು?"

"ರೋಗ ಅಲ್ಲ ಕಣಯ್ಯಾ! ಹುಟ್ಟಿನಿಂದ್ಲೇ ಬಂದ ಪಟ್ಟೆ."

"ರೋಗ ಆಗಿದ್ರೆ?"

"ಆ ಗೆಡ್ಡೇನ ಎಲ್ಲರ ಎದುರಿಗೆ ತಿಂತೀನಿ!"

ಇಡೀ ಬೀದಿ ಕೇಳಿಸಿಕೊಂಡಿತು. ಆಮೇಲೆ ಒಬ್ಬರಾದ ಮೇಲೊಬ್ಬರು ಕತ್ತರಿ, ಗುದ್ದಲಿ ಹಿಡಿದು ಅದನ್ನು ಕೀಳುವ "ಸಹಾಯಕ್ಕೆ" ಬಂದರು. ಹಾರ್ಮೆನ್ ಕುಂಡವನ್ನು ಬಾಣಂತಿ ಕೂಸನ್ನು ಅವಚಿಕೊಂಡಂತೆ ಅವಚಿಕೊಂಡು, ಕಕ್ಕಸಿಗೂ ಜೊತೆಯಲ್ಲೇ ಒಯ್ದ.

ಮಧ್ಯಾಹ್ನ ನೆಂಟರಿಷ್ಟರು ದುಂಡಗೆ ಕೂತು, ತಲೆಗೊಂದೇ ಬಿಸ್ಕತ್ತು ಕಾಫಿಗೆ ಅದ್ದುತ್ತಿದ್ದಾಗ ಲ್ಯಾಬಿನ ಫೆಮ್ಕೆ ಬಟ್ಟೆ ಮುಚ್ಚಿದ ಹೂವಿನ ತಟ್ಟೆ ತಂದಳು. ಹಾರ್ಮೆನ್ ಬಿರಡೆ ಹಾರಿಸಿ, ಬಟ್ಟೆ ಎಳೆದು, ಶಾಂಪೇನ್ ಸುರಿದ. ಆಮೇಲೆ ನೋಡಿದ. ಹೂವೆಲ್ಲ ಇಟ್ಟಿಗೆಯ ಹಾಗೆ ಅಚ್ಚ ಕೆಂಪು.

"ಪಟ್ಟೆ ಎಲ್ಲಮ್ಮಾ?"

"ಅದು ವೈರಸ್ ಅಲ್ವಾ ಸಾರ್? ತುದಿ ಚೂರಿಂದ ಬೆಳೆಸಿದ್ರೆ ಹೊರಟೋಗುತ್ತೆ. ಪೂರ್ತಿ ವಾಸಿ ಮಾಡಿದ್ದೀವಿ!" ಎಂದು ಫೆಮ್ಕೆ ಹಿಗ್ಗಿದಳು. ಅಷ್ಟರಲ್ಲಿ ಫೋನು ಬಂತು, ವ್ಯಾನಿನ ಕಡೆ ನಡೆದಳು.

ಕ್ರೈನ್ ಚಮಚ ಒರೆಸಿ ಹಾರ್ಮೆನ್‌ನ ಮುಂದಿಟ್ಟ.

"ತಿಂತೀನಿ. ಹಾರ್ಮೆನ್ ಆಡಿದ ಮಾತು ಆಡಿದ್ದೇ!"

ಎದುರು ಮನೆಯ ಆಲ್ಟ್ಯೆ ಅಜ್ಜಿ ಕುಂಡದಿಂದ ಗೆಡ್ಡೆ ಕಿತ್ತು ತೊಳೆದಳು. "ನಡುವಿನ ಹಳದಿ ಮೊಳಕೆ ವಿಷ ಕಣಪ್ಪಾ, ತೆಗೆದು ಬೇಯಿಸ್ಬೇಕು. ಯುದ್ಧದ ಕೊನೇ ಚಳಿಗಾಲದಲ್ಲಿ ಕೂಳಿಲ್ಲದೆ ನಾವು ಬದುಕಿದ್ದೇ ಈ ಗೆಡ್ಡೆ ತಿಂದು" ಎಂದು ಒಲೆ ಹಚ್ಚಿದಳು.

ಹಾರ್ಮೆನ್ ಕಣ್ಣು ಮುಚ್ಚಿ ಅಗಿದ, ನುಂಗಿದ, ತಟ್ಟೆ ಖಾಲಿ ಮಾಡಿದ.

ಫೆಮ್ಕೆ ಓಡಿಬಂದಳು. "ಸಾರ್, ಅದೃಷ್ಟ ಸಾರ್! ರೋಗದಿಂದ ಪಟ್ಟೆ ಬಂದ ಹಳೇ ಟ್ಯುಲಿಪ್‌ಗಳನ್ನೇ ಜೋಪಾನ ಮಾಡೋ ತೋಟದವರ ಫೋನು. ನಿಮ್ಮ ತಾಯಿಗೆಡ್ಡೆ ಬೇಕಂತೆ, ನಿಮ್ಮ ಹೆಸರೇ ಇಡ್ತಾರಂತೆ! ಎಲ್ಲಿದೆ?"

ಎಲ್ಲರೂ ಹಾರ್ಮೆನ್‌ನ ಹೊಟ್ಟೆ ನೋಡಿದರು. ಕ್ರೈನ್ ಎದ್ದು, ಸೀಸೆಯಲ್ಲಿ ಉಳಿದಿದ್ದ ಶಾಂಪೇನನ್ನು ಆ ಹೊಟ್ಟೆಯ ಮೇಲೆಯೇ ಸುರಿದು ನಾಮಕರಣ ಮುಗಿಸಿದ.