ಚಿಕ್ಕಪ್ಪನ ಕೋಟೆಗೆ ಬರುವ ದಂಡು

ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ನಾನು ಖಂಡಿತ ಹೇಳುವುದಿಲ್ಲ. ನಮ್ಮ ಇಡೀ ವಂಶವನ್ನು ಒಂದು ಕೋಟೆಯೊಳಗೆ ಕೂಡಿಹಾಕಿ, ಇಟ್ಟಮಡುವಿನ ತಮ್ಮ ಮನೆಯ ಹಿಂದಿನ ರೂಮಿನಲ್ಲಿ ಕುಳಿತು ಹಗಲೆಲ್ಲಾ ಕಾಯುತ್ತಾರೆ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ನೀವೇ ತೀರ್ಮಾನ ಮಾಡಿ!

ತಪ್ಪು ನನ್ನದೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದ ಮನುಷ್ಯ, ಹೊತ್ತು ಹೋಗಲಿ ಎಂದು ಅವರ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟೆ. ರಾಜಮಹಾರಾಜರ ಕಾಲದ ಆಟ. ಕೋಟೆ ಕಟ್ಟಬೇಕು, ಹೊಲ ಉಳುಮೆ ಮಾಡಿಸಬೇಕು, ಪ್ರಜೆಗಳನ್ನು ಸಾಕಬೇಕು. ಆಗಾಗ ಕಾಡಿನ ಆಚೆಯಿಂದ ಒಂದು ದಂಡು ಏರಿ ಬರುತ್ತದೆ. ಆ ದಂಡನ್ನು ಆಡಿಸುವುದು ಕಂಪ್ಯೂಟರೇ. ಅದು ಯಾವಾಗ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಬಂದು ಏನು ಮಾಡುತ್ತದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಒಮ್ಮೆ ಊರೇ ಸುಟ್ಟುಹೋಗುತ್ತದೆ, ಇನ್ನೊಮ್ಮೆ ಒಂದೇ ಒಂದು ಹಸು ಹೊಡೆದುಕೊಂಡು ವಾಪಸು ಹೋಗುತ್ತದೆ.

"ಸೂತ್ರ ಇಲ್ದೆ ಪ್ರಪಂಚದಲ್ಲಿ ಏನೂ ನಡೆಯಲ್ಲ ಕಣೇ" ಎಂದು ಚಿಕ್ಕಪ್ಪ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ದಂಡು ಬಂದ ದಿನ, ಗಂಟೆ, ದಿಕ್ಕು ಬರೆದಿಡತೊಡಗಿದರು. ರಾಹುಕಾಲಕ್ಕೆ ತಾಳೆ ಹಾಕಿದರು. ಅಮಾವಾಸ್ಯೆಗೆ ತಾಳೆ ಹಾಕಿದರು. ಕೊನೆಗೆ ನಲ್ಲಿಯಲ್ಲಿ ನೀರು ಬಿಡುವ ದಿನಕ್ಕೂ ತಾಳೆ ಹಾಕಿದರು! ನಾಲ್ಕು ನೋಟ್‌ಬುಕ್ ಮುಗಿದರೂ ಸೂತ್ರ ಸಿಗಲಿಲ್ಲ.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ತೆರೆಯ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿದ್ದರು. ಸ್ಪೀಕರಿನಲ್ಲಿ ಡಬ್... ಡಬ್... ಎಂದು ನಗಾರಿ ಶುರುವಾಯಿತು. ಐವತ್ತು ಜನ ಕಾಡಿನಿಂದ ಇಳಿದು ಬಂದು ಕೋಟೆಯ ಗೋಡೆಯ ಹತ್ತಿರ ಸುಮ್ಮನೆ ನಿಂತರು. ಬಾಣ ಬಿಡಲಿಲ್ಲ, ಬೆಂಕಿ ಹಚ್ಚಲಿಲ್ಲ. ಚಿಕ್ಕಮ್ಮ ಕಾಫಿ ತಂದುಕೊಟ್ಟು ಹೋದರು. ದಂಡಿನವರು ನಿಂತೇ ಇದ್ದರು, ಎಲ್ಲರ ಮುಖವೂ ಒಳಗಿನ ಒಂದೇ ಒಂದು ಮನೆಯ ಕಡೆ. ಆಮೇಲೆ ತಿರುಗಿ ಕಾಡಿಗೆ ಹೋದರು.

"ಏನ್ ನೋಡ್ತಿದ್ರು ಚಿಕ್ಕಪ್ಪ?"

"ಮನೇಲಿ ಯಾರಿದಾರೆ ಅಂತ."

ನಾನು ಕಾಫಿ ಲೋಟ ಕೆಳಗಿಟ್ಟು ತೆರೆಯ ಹತ್ತಿರ ಬಗ್ಗಿದೆ.

ಯಾರಿದ್ದರು ಗೊತ್ತೇ? ಆ ಆಟದಲ್ಲಿ ಪ್ರಜೆಗಳಿಗೆ ನಮಗೆ ಬೇಕಾದ ಹೆಸರಿಡಬಹುದು. ಗುರುತು ಪರಿಚಯ ಇಲ್ಲದ ಹೆಸರುಗಳೇಕೆ ಎಂದು ಚಿಕ್ಕಪ್ಪ ನಮ್ಮ ನೆಂಟರ ಹೆಸರುಗಳನ್ನೇ ಇಟ್ಟಿದ್ದರು. ದಂಡು ನೋಡಿದ್ದು ಸಿದ್ದಾಪುರದ ಅಜ್ಜಿಯ ಮನೆ. ಅಜ್ಜಿ ಎಂದರೆ ನಮ್ಮ ತಾತನ ತಂಗಿ, ಚಿಕ್ಕಪ್ಪನಿಗೆ ಸೋದರತ್ತೆ. ಚಿಕ್ಕಪ್ಪ ಕೂಡಲೇ ಫೋನ್ ಹಚ್ಚಿದರು.

"ಅತ್ತೆ, ಆರಾಮಾಗಿದೀರಾ?"

"ನಂಗೇನಾಗಿದ್ಯೋ! ಗುಂಡುಕಲ್ಲು ಇದ್ದಂಗಿದೀನಿ!"

ಆ ವಾರವೇ ಅಜ್ಜಿ ತೀರಿಕೊಂಡರು. ವಯಸ್ಸು ತೊಂಬತ್ತೆರಡು. ಅದಕ್ಕೆ ದಂಡು ಬರುವ ಅಗತ್ಯವೇನೂ ಇರಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ಆದರೆ ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲಿ ಚಿಕ್ಕಮ್ಮ ದಂಡಿನ ವಿಷಯ ಬಾಯಿಬಿಟ್ಟರು ನೋಡಿ, ಅಷ್ಟೇ!

ಮಾರನೆಯ ಬೆಳಿಗ್ಗೆಯೇ ಜೆಪಿ ನಗರದ ಅತ್ತಿಗೆಯ ಫೋನು. "ಮಾವ, ನನ್ನ ಮನೆ ಗೋಡೆ ಪಕ್ಕಾನೇ ಇದ್ಯಂತೆ! ದಯವಿಟ್ಟು ಒಳಗಡೆ ಶಿಫ್ಟ್ ಮಾಡ್ಕೊಡಿ. ಆದ್ರೆ ಓರಗಿತ್ತಿ ಪಕ್ಕ ಮಾತ್ರ ಬೇಡ." ಬನಶಂಕರಿಯ ಅತ್ತೆ ಕೋಡುಬಳೆ ಡಬ್ಬಿ ಹಿಡಿದುಕೊಂಡೇ ಬಂದರು. ಜಯನಗರದ ಭಾವ ಎಂಜಿನಿಯರ್. "ಇದೆಲ್ಲಾ ಶುದ್ಧ ನಾನ್‌ಸೆನ್ಸು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ನನ್ನ ಮನೆ ಬಾಗಿಲು ದಕ್ಷಿಣಕ್ಕಿಲ್ಲ ತಾನೇ?" ಎಂದು ಮೆಲ್ಲಗೆ ಕೇಳಿದರು.

ನನ್ನ ಗತಿ ಏನಾಗಿದೆ ನೋಡೋಣ ಎಂದು ನಾನೂ ಹುಡುಕಿದೆ. ಎಂಬಿಎ ಮಾಡಿದವಳನ್ನು ಹಂದಿ ಕಾಯಲು ಹಾಕಿದ್ದರು! ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ವಾರ ನೋಡುತ್ತಾರೆ.

"ಚಿಕ್ಕಪ್ಪ, ಇದಕ್ಕಿಂತ ಒಳ್ಳೆ ಕೆಲಸ ಸಿಗ್ಲಿಲ್ವಾ ನಂಗೆ?"

"ಸುಮ್ನಿರೇ. ಹಂದಿ ದೊಡ್ಡಿ ಕೋಟೆಗೆ ಸರಿಯಾಗಿ ನಡುಮಧ್ಯ ಇದೆ. ಅಲ್ಲೀಗಂಟ ಯಾವನೂ ಬರಲ್ಲ."

ಹೀಗೆ ನಗುತ್ತಾ ಹೆದರುತ್ತಾ ಇದ್ದಾಗಲೇ ಚಿಕ್ಕಪ್ಪನಿಗೆ ಎದೆನೋವು ಬಂತು. ತಡಮಾಡಿದರೆ ಜೀವಕ್ಕೇ ಅಪಾಯ, ವಾರದೊಳಗೆ ಹಾರ್ಟ್ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಚಿಕ್ಕಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ನಾನು ಹೋಗಿ ಮಲಗಿದ್ರೆ ಇವರನ್ನೆಲ್ಲ ಕಾಯೋರ್ಯಾರು?"

"ಕಂಪ್ಯೂಟರ್ ಆಫ್ ಮಾಡಿ ಚಿಕ್ಕಪ್ಪ. ಅವ್ರೂ ಬರಲ್ಲ."

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಆಫ್ ಮಾಡಿದ್ರೆ ಬರಲ್ಲ ಅಂತ ನಿಂಗ್ಯಾರು ಹೇಳಿದ್ದು? ನಮಗೆ ಕಾಣಲ್ಲ ಅಷ್ಟೇ."

ಹಟ್ಟಹಗಲು, ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು. ಆದರೂ ನಾನೊಮ್ಮೆ ತಿರುಗಿ ಬಾಗಿಲ ಕಡೆ ನೋಡಿದೆ. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಕೊನೆಗೆ ನಾನು ರಜೆ ಹಾಕಿ, ಚಿಕ್ಕಪ್ಪ ಬರುವವರೆಗೂ ಕೋಟೆ ಕಾಯುತ್ತೇನೆಂದು ಮಾತು ಕೊಟ್ಟ ಮೇಲೆಯೇ ಅವರು ಆಸ್ಪತ್ರೆಗೆ ಹೊರಟದ್ದು. ಆಟೋ ಹತ್ತಿದವರು ತಲೆ ಹೊರಗೆ ಹಾಕಿ, "ಏನೇ ಆದ್ರೂ ಬಾಗಿಲು ತೆಗೀಬೇಡ" ಎಂದರು.

ಆಪರೇಷನ್ ದಿನ ಆ ಮನೆಯಲ್ಲಿ ನಾನೊಬ್ಬಳೇ. ಹತ್ತು ಗಂಟೆಗೆ ಅವರನ್ನು ಒಳಗೆ ಕರೆದುಕೊಂಡು ಹೋದರೆಂದು ಚಿಕ್ಕಮ್ಮ ಫೋನ್ ಮಾಡಿದರು. ಹನ್ನೊಂದಾಯಿತು, ಹನ್ನೆರಡಾಯಿತು, ಸುದ್ದಿಯಿಲ್ಲ. ಆಗ ಶುರುವಾಯಿತು ನಗಾರಿ. ಕಾಡಿನಿಂದ ಇಳಿದರು. ಐವತ್ತಲ್ಲ, ಎಣಿಸಲಾರದಷ್ಟು. ಈ ಸಲ ಅವರು ಗೋಡೆಯ ಹತ್ತಿರ ಬರಲಿಲ್ಲ. ಕೋಟೆಯ ಹೊರಗಿನ ರಸ್ತೆಯಲ್ಲಿಯೇ ನಿಂತರು. ಎಲ್ಲರ ಮುಖವೂ ಒಂದೇ ಕಡೆ.

ಅಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಕತ್ತಿಯಿಲ್ಲ, ಗುರಾಣಿಯಿಲ್ಲ, ಕೈಯಲ್ಲಿ ಬರೀ ಒಂದು ಕೋಲು. ಮೌಸ್ ಅವನ ಮೇಲೆ ಇಟ್ಟೆ. ಹೆಸರು ಮೂಡಿತು. ಚಿಕ್ಕಪ್ಪನ ಹೆಸರು.

ಇಷ್ಟು ದಿನ ಎಲ್ಲರೂ ನಮ್ಮ ನಮ್ಮ ಮನೆ ಎಲ್ಲಿದೆ ಎಂದು ಕೇಳಿದೆವು. ನಿಮ್ಮ ಮನೆ ಎಲ್ಲಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇಡೀ ಕೋಟೆಯಲ್ಲಿ ಅವರಿಗೊಂದು ಗುಡಿಸಲೂ ಇರಲಿಲ್ಲ. ಬಂದವರಿಗೆ ಮೊದಲು ಎದುರಾಗುವುದು ತಾವೇ ಆಗಲಿ ಎಂದು ಹೊರಗೆ ನಿಂತಿದ್ದರು, ಪುಣ್ಯಾತ್ಮ!

ನನಗೆ ಸಿಟ್ಟು ಬಂತು, ಅಳುವೂ ಬಂತು. ಕೋಟೆಯ ಬಾಗಿಲು ತೆರೆದೆ. ಅತ್ತೆ, ಅತ್ತಿಗೆ, ಓರಗಿತ್ತಿ, ಭಾವ, ಇದ್ದಬದ್ದವರನ್ನೆಲ್ಲ ಹೊರಗೆ ಕಳಿಸಿದೆ. ಒಬ್ಬರ ಕೈಯಲ್ಲೂ ಆಯುಧವಿಲ್ಲ. ಗುದ್ದಲಿ, ಬುಟ್ಟಿ, ಬಿಂದಿಗೆ ಹಿಡಿದುಕೊಂಡು ಓಡಿಹೋಗಿ ಚಿಕ್ಕಪ್ಪನ ಸುತ್ತ ನಿಂತರು. ದಂಡು ನೋಡಿತು, ನಾವೂ ನೋಡಿದೆವು. ನಗಾರಿ ನಿಂತುಹೋಯಿತು. ನಾನು ಮನೆದೇವರನ್ನು ನೆನೆದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ದಂಡಿನ ಕೊನೆಯವನ ಬೆನ್ನು ಕಾಡಿನೊಳಗೆ ಮರೆಯಾಗುತ್ತಿತ್ತು. ಯಾಕೆ ಹೋದರು? ನನಗೆ ಗೊತ್ತಿಲ್ಲ.

ಒಂದು ಗಂಟೆಗೆ ಫೋನ್ ಬಂತು. "ಆಯ್ತಂತೆ ಕಣೇ, ಏನೂ ತೊಂದ್ರೆ ಇಲ್ವಂತೆ" ಎಂದು ಚಿಕ್ಕಮ್ಮ ಅಳತೊಡಗಿದರು. ನಾನೂ ಅತ್ತುಬಿಟ್ಟೆ.

ಮೂಗು ಒರೆಸಿಕೊಂಡು ತೆರೆಯ ಮುಂದೆ ಕುಳಿತು ಚಿಕ್ಕಪ್ಪನನ್ನು ಒಳಗೆ ಕರೆದೆ. ನಾಲ್ಕು ಹೆಜ್ಜೆ ಬಂದರು, ತಿರುಗಿ ಹೋಗಿ ರಸ್ತೆಯಲ್ಲೇ ನಿಂತರು. ಮತ್ತೆ ಕರೆದೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ರಸ್ತೆ. "ಸಾಕು ಬನ್ನಿ ಚಿಕ್ಕಪ್ಪ" ಎಂದು ಬಾಯಿಬಿಟ್ಟೇ ಹೇಳಿದೆ. ಕೇಳಲಿಲ್ಲ. ಕೊನೆಗೆ ಹಂದಿಗಳನ್ನು ದೊಡ್ಡಿಯಲ್ಲೇ ಬಿಟ್ಟು ನಾನೇ ಹೋಗಿ ಅವರ ಪಕ್ಕದಲ್ಲಿ ನಿಂತೆ.