ಒಣಗದ ನೀಲಿ ಬಣ್ಣದ ಬಗ್ಗೆ ಸಡಾ ಗುಡ್ಡದಿಂದ ಒಂದು ದೂರು

ಮಾನ್ಯ ಬಣ್ಣ ತಯಾರಕರೇ,

ಗೋವಾದ ಸಡಾ ಗುಡ್ಡದ ಟ್ರಕ್ ಚಾಲಕ ಲಾಡಸಾಬನು, ನೀಲಿಯಾದ ಬಲಗೈಯನ್ನು ಹಣೆಗೆ ತಾಗಿಸದೆ ತುಸು ದೂರದಲ್ಲೇ ಹಿಡಿದು ಮಾಡುವ ಸಲಾಮುಗಳನ್ನು ಸ್ವೀಕರಿಸಬೇಕು. ತಾವೂ, ತಮ್ಮ ಕುಟುಂಬದವರೂ, ಡಬ್ಬದ ಮೇಲೆ ‘ಬೆಳಿಗ್ಗೆ ಹಚ್ಚಿ, ಮಧ್ಯಾಹ್ನ ಮುಟ್ಟಿ’ ಎಂದು ಬರೆದ ಮಹಾನುಭಾವರೂ ಕ್ಷೇಮವೆಂದು ನಂಬಿದ್ದೇನೆ. ಮುಟ್ಟಿದವರು ಹೇಗಿದ್ದಾರೆಂದು ತಿಳಿಸುವುದಕ್ಕೇ ಈ ಪತ್ರ.

ನಮ್ಮ ಮನೆಯಲ್ಲಿ ಕೆಳಗೊಂದು ಕೋಣೆ, ಮೇಲೊಂದು ಕೋಣೆ, ನಡುವೆ ಕಟ್ಟಿಗೆಯ ಮೆಟ್ಟಿಲು. ಮೆಟ್ಟಿಲಿನ ರೇಲಿಂಗು ಯಾವುದೋ ಹಳೆಯ ಬಂಗಲೆ ಒಡೆಯುವಾಗ ನಾನೇ ಟ್ರಕ್ಕಿನಲ್ಲಿ ಹೇರಿಕೊಂಡು ಬಂದದ್ದು. ಮೈತುಂಬ ವಾರ್ನಿಶ್, ಅದರ ಮೇಲೆ ಗುಡ್ಡದ ಕೆಳಗಿನ ಬಂದರಿನ ಕಲ್ಲಿದ್ದಲ ಪುಡಿ. ಮಗಳು ಅಸ್ಮಾಳನ್ನು ನೋಡಲು ಮೋತಿ ಡೊಂಗರಿನಿಂದ ಗಂಡಿನವರು ಮಧ್ಯಾಹ್ನದ ಮೇಲೆ ಬರುವ ದಿನ, ಬೆಳಗಿನ ನಮಾಜು ಮುಗಿಸಿದವನೇ ತಮ್ಮ ಆಕಾಶನೀಲಿಯ ಡಬ್ಬ ತೆರೆದೆ. ಹೆಂಡತಿ ಮೆಹಬೂಬಿ ಅಡುಗೆ ಮನೆಯಿಂದಲೇ, “ಮೊದ್ಲ ಉಸುಕಿನ ಕಾಗದ ಹಚ್ಚಿ ತಿಕ್ರಿ. ವಾರ್ನಿಶ್ ಮ್ಯಾಲ ಹಂಗ ಬಳದ್ರ ಬಣ್ಣ ಹಿಡಿಯಂಗಿಲ್ಲ” ಎಂದಳು. ತಾವು ಡಬ್ಬದ ಮೇಲೆ ಹಾಗೇನೂ ಬರೆದಿರಲಿಲ್ಲ; ಬರೆದಿದ್ದರೂ ಇರುವೆಗಳಿಗೆಂದೇ ಅಚ್ಚುಹಾಕಿಸಿದ ಅಕ್ಷರಗಳಲ್ಲಿ ಬರೆದಿರಬೇಕು. ಹೆಂಡತಿಗಿಂತ ಕಂಪನಿ ದೊಡ್ಡದೆಂದು ಬಳಿದೇ ಬಿಟ್ಟೆ.

ಔಷಧಿ ಅಂಗಡಿಯಲ್ಲಿ ದುಡಿಯುವ ನನ್ನ ಮಗಳು, ಹುಡುಗನ ಜೊತೆ ತಾನೊಬ್ಬಳೇ ಮಾತಾಡದ ಹೊರತು ಹೂಂ ಎನ್ನುವುದಿಲ್ಲವೆಂದು ಹಟ ಹಿಡಿದವಳು. ಈ ಹಟಕ್ಕೇ ಹಿಂದೊಂದು ಸಂಬಂಧ ಬಾಗಿಲಿನಿಂದಲೇ ತಿರುಗಿ ಹೋಗಿತ್ತು. ಈ ಸಲ ಬಂದ ಹುಡುಗ ನವೀದ, ಫ್ರಿಜ್ ರಿಪೇರಿ ಮಾಡುವವನು, ನೆಲ ನೋಡಿಕೊಂಡು ಸುಮ್ಮನೆ ಕೂತಿದ್ದ. ಮಾತೆಲ್ಲ ಅವನನ್ನು ಸಾಕಿದ ತಾಯಿಯ ತಂಗಿ, ಖಾಲಾ ದಸ್ತಗೀರಬಿಯವರದು. ಮೆಹಬೂಬಿ ಮಗಳ ಆಸೆಯನ್ನು ಮೆಲ್ಲಗೆ ಅವರ ಕಿವಿಗೆ ಹಾಕಿದಳೋ ಇಲ್ಲವೋ, “ನಿಕಾಕ್ಕಿಂತ ಮೊದ್ಲ ಮಾತುಕತಿ ನಮ್ಮ ಮನ್ಯಾಗ ನಡೆಯಂಗಿಲ್ರಿ” ಎಂದು ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಇದೂ ಮುರಿಯಿತೆಂದು ನನ್ನ ಬಾಯಿ ಒಣಗಿತು. ಒಣಗಬಾರದ್ದು ಒಣಗುವುದರಲ್ಲಿ ನಮ್ಮ ಮನೆಗೆ ಕೊರತೆಯಿಲ್ಲ.

ಮೇಲಿನ ಕೋಣೆಯಲ್ಲಿದ್ದ ಹುಡುಗಿಯನ್ನು ತಾವೇ ಹೋಗಿ ನೋಡುವುದಾಗಿ ಹೇಳಿ ಖಾಲಾ ಎದ್ದರು, ಮಂಡಿನೋವಿನಿಂದ ಎರಡೂ ಕೈಯಲ್ಲಿ ರೇಲಿಂಗು ಹಿಡಿದರು. ಮಾನ್ಯರೇ, ಆ ಕ್ಷಣ ತಮ್ಮ ಬಣ್ಣವು ರೇಲಿಂಗಿನಿಂದ ಅವರ ಅಂಗೈಗಳಿಗೆ ಸಂಸಾರ ಸಮೇತ ಗುಳೆ ಹೋಯಿತು. “ಯಾ ಅಲ್ಲಾ, ನನ್ನ ಕೈ!” ಎಂಬ ಕೂಗಿಗೆ ಎಲ್ಲರೂ ಹಿತ್ತಲಿಗೆ ಓಡಿದೆವು. ಮೆಹಬೂಬಿ ಕೊಬ್ಬರಿ ಎಣ್ಣೆ ಸುರಿದಳು, ನಾನು ಸಾಬೂನು ತಿಕ್ಕಿದೆ, ತಮ್ಮ ಬಣ್ಣ ಕದಲಲಿಲ್ಲ. ಕಟ್ಟಿಗೆಯ ಮೇಲೆ ಒಂದು ಬೆಳಗು ನಿಲ್ಲಲಾರದ ಬಣ್ಣ ಮನುಷ್ಯರ ಮೇಲೆ ತೋರುವ ಈ ನಿಷ್ಠೆಗೆ ಸರಕಾರ ತಮ್ಮನ್ನು ಸನ್ಮಾನಿಸಬೇಕು. ಟರ್ಪೆಂಟೈನ್ ಬಾಟಲಿ ಮೇಲಿನ ಕೋಣೆಯಲ್ಲಿದೆಯೆಂದು ನಾನು ಅಂದದ್ದೇ ತಡ, ಅದುವರೆಗೆ ಅಲುಗದ ನವೀದ, “ನಾ ತರ್ತೇನ್ರಿ” ಎಂದು ಚಿಗರಿಯಂತೆ ಜಿಗಿದ.

ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಬಾಟಲಿ ತಂದಿರಲಿಲ್ಲ, ನಗು ತಂದಿದ್ದ. ಹಿಂದೆಯೇ ಅಸ್ಮಾ ಬಾಟಲಿ ಹಿಡಿದು ಇಳಿದಳು. ಖಾಲಾ ಕೈ ತಿಕ್ಕುವುದನ್ನು ನಿಲ್ಲಿಸಿ ಇಬ್ಬರನ್ನೂ ದಿಟ್ಟಿಸಿದರು. “ಏನ್ರಿ ಇದು? ಹುಡುಗನ ಬಲ ಮೊಣಕೈ ನೀಲಿ, ಹುಡುಗಿ ಎಡ ಮೊಣಕೈ ನೀಲಿ! ನಾ ಇಲ್ಲಿ ಕೈ ತಿಕ್ಕೋಳಾಕತ್ತಾಗ ಇಬ್ರೂ ಅಲ್ಲಿ ರೇಲಿಂಗಿಗೆ ಒರಗಿ ನಿಂತಿದ್ರೇನು?”

ನವೀದ ಮತ್ತೆ ನೆಲ ನೋಡಿದ. ಅಸ್ಮಾ ಮಾತ್ರ ತಲೆ ತಗ್ಗಿಸಲಿಲ್ಲ. “ಹೌದ್ರಿ ಖಾಲಾ, ಮಾತಾಡಿದ್ವಿ. ಮದುವಿ ಆದ ಮ್ಯಾಲೂ ನಾ ಅಂಗಡಿಗೆ ಹೋಗಾಕಿ ಅಂದೆ. ಹೋಗು, ನಾನೂ ರೊಟ್ಟಿ ಬಡೀತೇನಿ ಅಂದ್ರು. ನನಗ ಒಪ್ಪಿಗಿ ಐತ್ರಿ.”

“ಇಂವಾ? ರೊಟ್ಟಿ?” ಎಂದ ಖಾಲಾ ಹಿತ್ತಲಿನ ಕಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಆ ನೀಲಿ ಕೈಗಳಿಂದಲೇ ನನ್ನ ಮಗಳ ಎರಡೂ ಕೆನ್ನೆ ಹಿಡಿದು, “ನನ್ನ ಕಾಲದಾಗ ಇಂಥಾ ರೇಲಿಂಗ ಒಂದೂ ಇರಲಿಲ್ಲ ನೋಡವ್ವ” ಎಂದರು. ನಿಕಾದ ದಿನ ಅಲ್ಲೇ ನಿಶ್ಚಯವಾಯಿತು.

ಆದ್ದರಿಂದ ಮಾನ್ಯರು ದಯಮಾಡಿ ಖಾಲಾ ಅವರ ಅಂಗೈಗಳ ಮೂಲ ಬಣ್ಣವನ್ನು ಒಂದು ಸಣ್ಣ ಡಬ್ಬದಲ್ಲಿ ಕಳಿಸಿಕೊಡಬೇಕು. ಅಸ್ಮಾಳ ಕೆನ್ನೆಗಳ ಮೇಲಿನದು ಮಾತ್ರ ನಿಕಾದ ಹೊತ್ತಿಗೆ ಇಳಿಯುವಂತೆ ಅದಕ್ಕೆ ಆದೇಶ ಹೊರಡಿಸಬೇಕು. ಉಸುಕಿನ ಕಾಗದದ ವಿಷಯದಲ್ಲಿ ತಪ್ಪು ತಮ್ಮದೇ ಎಂದು ಮೆಹಬೂಬಿಗೆ ಲಿಖಿತವಾಗಿ ತಿಳಿಸಿದರೆ ನನಗೆ ಮೊದಲಿನಂತೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ.

ಉಜ್ಜಿದಷ್ಟೂ ಗಟ್ಟಿಯಾಗುವ ತಮ್ಮ ವಿಶ್ವಾಸಿ,
ಲಾಡಸಾಬ

ತಾ.ಕ.: ಮದುವೆಗೆ ತಾವು ಬರಲೇಬೇಕು. ಬಿಳಿ ಪ್ಯಾಂಟು ತೊಟ್ಟು ಬನ್ನಿ. ತಮಗೆಂದೇ ಒಂದು ಕುರ್ಚಿಗೆ ಬಣ್ಣ ಹಚ್ಚಿ ಇಡುತ್ತೇನೆ.