ನೂರಿಪ್ಪತ್ತು ಚೀಲ ಮರಳು

ಅಬ್ಸಲೋನ್ ಸೆರ್ನಾಕೆ ಮಾಡಿದ ತಪ್ಪು ಇಷ್ಟೇ. ಮಳೆಗೆ ಇನ್ನೂ ಒಂದು ತಿಂಗಳಿರುವಾಗಲೇ ತಯಾರಾಗಿ ಕೂತುಬಿಟ್ಟ. ಆ ಬೀದಿಯಲ್ಲಿ ಅಂಥ ಕೆಲಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ.

ಪಿಯುರಾದ ಆ ಮರಳು ನೆಲದಲ್ಲಿ ವರ್ಷಗಟ್ಟಲೆ ಹನಿ ಬೀಳುವುದಿಲ್ಲ. ಆಮೇಲೆ ಯಾವುದೋ ಒಂದು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಕಡಲ ನೀರು ಬಚ್ಚಲ ನೀರಿನ ಹಾಗೆ ಬೆಚ್ಚಗಾಯಿತೆಂದರೆ ಎಲ್ ನಿನೋ ಬಂದನೆಂದೇ ಲೆಕ್ಕ. ಹೆಸರಿಗೆ ಅವನು ಪುಟ್ಟ ಮಗು, ಬಂದರೆ ಊರಿಗೆ ಊರನ್ನೇ ಎತ್ತಿಕೊಂಡು ಹೋಗುವ ಪೋರ. ಕಳೆದ ಸಲ ಬಂದಾಗ ಬೀದಿಯ ಮೇಲ್ತುದಿಯ ಒಣ ಹಳ್ಳ ಉಕ್ಕಿ, ಮೊದಲ ಮನೆಯಾದ ಅಬ್ಸಲೋನನ ಮನೆಯ ಮುಂಬಾಗಿಲಿನಿಂದ ನುಗ್ಗಿ, ಫ್ರಿಜ್ಜನ್ನು ಮೀನಿನ ಸಮೇತ ಎಳೆದುಕೊಂಡು ಹಿಂಬಾಗಿಲಿನಿಂದ ಹೊರಟುಹೋಗಿತ್ತು. ಈ ಸಲ ಹಾಗಾಗಬಾರದೆಂದು ಆಟೊ ಓಡಿಸುವ ಅಬ್ಸಲೋನ್ ಆರು ಭಾನುವಾರ ಫುಟ್‌ಬಾಲ್ ಬಿಟ್ಟು ದುಡಿದ. ಹಳೆಯ ಅಕ್ಕಿ ಚೀಲಗಳಿಗೆ ಮರಳು ತುಂಬಿ, ಬಾಯಿ ಹೊಲಿದು, ನೂರಿಪ್ಪತ್ತು ಚೀಲಗಳನ್ನು ಬಾಗಿಲ ಮುಂದೆ ಎದೆಯೆತ್ತರಕ್ಕೆ ಪೇರಿಸಿದ. ಮಾಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಬಿಗಿದ. ಹೆಂಡತಿ ತೆಯೊಲಿಂದ ಮನೆಗೆಲ್ಲ ಸುಣ್ಣ ಬಳಿದಳು. ಬೀದಿಯವರು ಹೋಗುತ್ತ ಬರುತ್ತ, "ಏನಪ್ಪಾ, ಯಾರ ಮೇಲೆ ಯುದ್ಧ?" ಎಂದು ನಕ್ಕರು.

ಸೋಮವಾರ ಬೆಳಗ್ಗೆ ನಗು ನಿಂತಿತು. ಬೀದಿಯ ಸಮಿತಿಯ ಅಧ್ಯಕ್ಷ ಯಾರ್ಲೆಕೆ ಏದುಸಿರು ಬಿಡುತ್ತ ಓಡಿಬಂದ. ಅಬ್ಸಲೋನನ ದೊಡ್ಡ ಮಗಳ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು ಅವನೇ. ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ.

"ಕೊಂಪಾದ್ರೆ, ಕೆಟ್ವಿ! ಹನ್ನೊಂದು ಗಂಟೆಗೆ ಪುರಸಭೆ ಇಂಜಿನಿಯರ್ ಬರ್ತಾನಂತೆ."

"ತಡೆಗೋಡೆ ವಿಷಯಕ್ಕಲ್ವಾ? ಒಳ್ಳೇದೇ ಆಯ್ತಲ್ಲ, ಬರ್ಲಿ ಬಿಡಿ."

"ಏನು ಒಳ್ಳೇದು, ನಿನ್ನ ತಲೆ! ಈ ವರ್ಷ ಕಟ್ಟೋದು ಒಂದೇ ಗೋಡೆ. ನಮ್ಮ ಬೀದಿಗೋ, ಪಕ್ಕದ ಸಾನ್ ಹಸಿಂತೊ ಬೀದಿಗೋ. ಯಾರಿಗೆ ಅಪಾಯ ಜಾಸ್ತಿಯೋ ಅವ್ರಿಗೆ. ಅವನು ಹಳ್ಳದ ಕಡೆಯಿಂದ ಬಂದು ನೋಡೋದು ಮೊದಲನೇ ಮನೆ. ಅಂದ್ರೆ ನಿಂದು." ಯಾರ್ಲೆಕೆ ಚೀಲಗಳ ಕಡೆ ಕೈ ಮಾಡಿದ. "ಇದನ್ನ ನೋಡಿ ಯಾವನಾದ್ರೂ ಅಪಾಯ ಅಂತ ಬರೀತಾನಾ? ಕೋಟೆ ಕಟ್ಕೊಂಡು ಕೂತಿದ್ದೀಯಲ್ಲೋ!"

ಅಷ್ಟರಲ್ಲಿ ಪಕ್ಕದ ಮನೆಯ ದೋನ್ಯಾ ಪೆತ್ರೊನಿಲಾ ಏಪ್ರನ್ನಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಬಾಗಿಲಿಗೆ ಬಿಳಿ ಬಾವುಟ ಕಟ್ಟಿ ಮುಸುಕಿನ ಜೋಳದ ಹೆಂಡ ಚಿಚಾ ಮಾರುವವಳು. ಬೀದಿಯಲ್ಲಿ ಯಾರ ಕೆಲಸವೂ ಅವಳ ಕೈ ಸೋಕದೆ ಕೆಡುವುದಿಲ್ಲ.

"ಅಯ್ಯೋ, ಅದಕ್ಕೇನಂತೆ? ಅಡಗಿಸಿಟ್ರಾಯ್ತು. ಮನೆಗೆ ಹತ್ತು ಹತ್ತು ಚೀಲ ಹೊತ್ಕೊಂಡು ಹೋಗೋಣ. ಇಂಜಿನಿಯರ್ ಹೋದ್ಮೇಲೆ ವಾಪಸ್ ತಂದು ಕೊಟ್ರೆ ಮುಗೀತು."

ಅಬ್ಸಲೋನ್ ತಲೆ ಕೆರೆದುಕೊಂಡ. ಚೀಲ ಎಷ್ಟೆಂದರೂ ಚೀಲ, ಗೋಡೆ ಗೋಡೆಯೇ. ಗೋಡೆ ಬಂದರೆ ಇನ್ನು ಜನ್ಮದಲ್ಲಿ ಫ್ರಿಜ್ಜು ತೇಲಿಹೋಗುವ ಭಯವಿಲ್ಲ. "ಸರಿ, ಆದ್ರೆ ಜೋಪಾನ. ಹೊಲಿಗೆ ಬಿಟ್ಟೀತು," ಎಂದ.

ಸಮಿತಿಯ ಸಭೆಗೆ ಕರೆದರೆ ಮೂರು ಜನ ಸೇರದ ಬೀದಿ ಅದು. ಆ ದಿನ ಉಳಿದ ಹನ್ನೆರಡು ಮನೆಯವರೂ ಇರುವೆ ಸಾಲಿನಂತೆ ಬಂದರು. ಮುಕ್ಕಾಲು ಗಂಟೆಯಲ್ಲಿ ಒಂದು ಚೀಲವೂ ಉಳಿಯಲಿಲ್ಲ. ಮಾಡಿನ ಪ್ಲಾಸ್ಟಿಕ್ ಹಾಳೆಯನ್ನು ದೋನ್ಯಾ ಪೆತ್ರೊನಿಲಾ ತನ್ನ ಚಿಚಾ ಮಡಕೆಗಳ ಮೇಲೆ ಹೊದಿಸಿದಳು. ಮೂಲೆಯಲ್ಲಿದ್ದ ಸಲಿಕೆಯನ್ನೂ ಬಿಡಲಿಲ್ಲ. "ಸಲಿಕೆ ಕಂಡ್ರೆ ಕೆಲಸ ಮಾಡೋ ಜನ ಅಂದ್ಕೋತಾನೆ," ಎಂದು ಅದನ್ನೂ ಅಡಗಿಸಲು ಒಯ್ದಳು.

"ಈ ಸುಣ್ಣ ಬೇರೆ ಫಳಫಳ ಅಂತಿದೆ," ಎಂದ ಯಾರ್ಲೆಕೆ. "ಹೋದ ಸಲ ನೀರು ನಿಂತ ಗುರುತು ಎಲ್ಲಿ?"

"ಸೊಂಟದ ಮಟ್ಟಕ್ಕಿತ್ತು. ನಾನೇ ಬಳಿದು ಮುಚ್ಚಿದೆ," ಎಂದಳು ತೆಯೊಲಿಂದ.

"ಮುಚ್ಚೋದಾ? ಅದು ಆಸ್ತಿ ಕಣಮ್ಮಾ!"

ಬಕೆಟ್ಟಿನಲ್ಲಿ ಕೆಸರು ಕಲಸಿದರು. ಸೊಂಟದ ಮಟ್ಟ ಸಾಲದು, ಸಾನ್ ಹಸಿಂತೊದವರು ಎದೆಮಟ್ಟವಾದರೂ ತೋರಿಸಿಯಾರು ಎಂದು ಯಾರೋ ಎಚ್ಚರಿಸಿದರು. ಯಾರ್ಲೆಕೆ ಸ್ಟೂಲು ಹತ್ತಿ, ನೆಲದಲ್ಲಿ ನಿಂತರೆ ತನ್ನ ತಲೆಗಿಂತ ಒಂದು ಮೊಳ ಮೇಲೆ, ಮನೆಯ ನಾಲ್ಕೂ ಗೋಡೆಗೆ ಕೆಸರಿನ ಗೆರೆ ಎಳೆದು, ಕೆಳಗೆಲ್ಲ ಪೊರಕೆಯಿಂದ ಎರಚಿದ. ತೆಯೊಲಿಂದಳಿಗೆ ಇಂಜಿನಿಯರ್ ಬಂದಾಗ ಸ್ವಲ್ಪ ಅಳಬೇಕೆಂದು ಹೇಳಿಕೊಟ್ಟರು. ಅವಳಿಗೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ತನ್ನ ಸುಣ್ಣದ ಗತಿ ನೋಡಿ ಆಗಲೇ ಗೊಳೋ ಎನ್ನುತ್ತಿದ್ದಳು.

ಹನ್ನೊಂದಕ್ಕೆ ಬರಬೇಕಾದ ಇಂಜಿನಿಯರ್ ಹನ್ನೆರಡೂವರೆಗೆ ಬಂದ. ಕಿತ್ತಳೆ ಬಣ್ಣದ ಜಾಕೀಟಿಗೆ ಹದಿನಾಲ್ಕು ಜೇಬುಗಳಿದ್ದವು, ಪೆನ್ನನ್ನು ಮಾತ್ರ ಯಾರ್ಲೆಕೆಯಿಂದ ಕಡ ತೆಗೆದುಕೊಂಡ. ಮನೆಯೊಳಗೆ ಕಾಲಿಟ್ಟವನು ಗೋಡೆ ನೋಡಿ ದಂಗಾದ. ಟೇಪು ಹಿಡಿದು ಅಳೆದ.

"ಎರಡು ಮೀಟರ್ ಹತ್ತು! ನೀರು ಇಷ್ಟು ಎತ್ತರ ಬಂದಿತ್ತಾ?"

ಅಬ್ಸಲೋನ್ ಬಾಯಿ ತೆರೆಯುವುದರೊಳಗೆ ಯಾರ್ಲೆಕೆ, "ಇನ್ನೂ ಮೇಲಿತ್ತು ಸಾಹೇಬ್ರೇ, ಮೇಲಿಂದು ಉದುರಿ ಹೋಗಿದೆ," ಎಂದ.

"ನೀವೆಲ್ಲ ಹೇಗೆ ಬದುಕಿದ್ರಿ?"

"ಈಜಿದ್ವಿ," ಎಂದಳು ದೋನ್ಯಾ ಪೆತ್ರೊನಿಲಾ. ಅವಳಿಗೆ ಈಜು ಬಾರದು. ಆ ಊರಲ್ಲಿ ಈಜು ಕಲಿಯುವಷ್ಟು ನೀರಾದರೂ ಎಲ್ಲಿತ್ತು?

"ಈ ಸಲಕ್ಕೆ ಏನೂ ತಯಾರಿ ಮಾಡ್ಕೊಂಡಿಲ್ವಾ?" ಇಂಜಿನಿಯರ್ ಅಬ್ಸಲೋನನ ಮುಖ ನೋಡಿದ.

ಅಬ್ಸಲೋನನಿಗೆ ಆರು ಭಾನುವಾರಗಳೂ ನಾಲಿಗೆಯ ತುದಿಗೆ ಬಂದವು. ಹಿಂದಿನಿಂದ ಯಾರೋ ಪಕ್ಕೆಗೆ ತಿವಿದರು. "ಇಲ್ಲ ಸಾಹೇಬ್ರೇ," ಎಂದ, ತಲೆ ತಗ್ಗಿಸಿ.

ಇಂಜಿನಿಯರ್ ಬಹಳ ಹೊತ್ತು ಬರೆದ. ಯಾರ್ಲೆಕೆ ಅಬ್ಸಲೋನನಿಗೆ ಕಣ್ಣು ಹೊಡೆದ. ಎಲ್ಲ ಸರಿಯಾಗಿಯೇ ನಡೆದಿತ್ತು. ಬಂದ ದಾರಿಯಲ್ಲೇ ಅವನನ್ನು ಕಳಿಸಿಬಿಟ್ಟಿದ್ದರೆ ಸಾಕಿತ್ತು. ಆದರೆ ಮನೆ ಬಾಗಿಲಿಗೆ ಬಂದವರನ್ನು ಬಾಯಾರಿ ಕಳಿಸುವ ಹೆಂಗಸಲ್ಲ ದೋನ್ಯಾ ಪೆತ್ರೊನಿಲಾ. "ಬಿಸಿಲಲ್ಲಿ ಬಂದಿದ್ದೀರಿ, ಒಂದು ಲೋಟ ತಣ್ಣಗೆ ಚಿಚಾ ಕುಡ್ದು ಹೋಗಿ," ಎಂದು ಕೈ ಹಿಡಿದು ಎಳೆಯುವುದೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ಒತ್ತಾಯ ಮಾಡಿ ಬೀದಿಗೆ ಕರೆದೊಯ್ದಳು.

ಅವಳ ಬಾಗಿಲ ಮುಂದೆ ಹತ್ತು ಮರಳು ಚೀಲಗಳು ನೀಟಾಗಿ ಕೂತಿದ್ದವು. ಅವುಗಳಾಚೆಯ ಬಾಗಿಲಲ್ಲೂ ಹತ್ತು. ಹೇಗೂ ಹೊತ್ತು ತಂದದ್ದಾಯಿತು, ಒಳಗಿಟ್ಟರೆ ಜಾಗ ದಂಡ, ಹೊರಗಿಟ್ಟರೆ ಮಳೆಗೂ ಆಯಿತು ಎಂದು ಒಬ್ಬೊಬ್ಬರೂ ಗುಟ್ಟಾಗಿ ಯೋಚಿಸಿದ್ದರು. ಹನ್ನೆರಡು ಮನೆಯವರಿಗೂ ಅದೇ ಗುಟ್ಟು ಹೊಳೆದಿತ್ತು.

ಇಂಜಿನಿಯರ್ ನಿಂತಲ್ಲೇ ನಿಂತ. ಮುಖ ಅರಳಿತು. "ಭೇಷ್! ಇಷ್ಟು ತಯಾರಾಗಿರೋ ಬೀದೀನ ನಾನು ಈ ಜಿಲ್ಲೇಲೇ ನೋಡಿಲ್ಲ!" ಬಾಗಿಲು ಬಾಗಿಲಿಗೂ ನಿಂತು ಫೋಟೊ ತೆಗೆದ. ಮನೆಯವರ ಹೆಸರು ಬರೆದುಕೊಂಡ. ಚಿಚಾ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟ. ಇಷ್ಟು ಬಂದೋಬಸ್ತು ಮಾಡಿಕೊಂಡ ಬೀದಿಗೆ ಗೋಡೆ ಬೇಕಿಲ್ಲ, ಗೋಡೆ ಸಾನ್ ಹಸಿಂತೊಗೆ.

ಅಬ್ಸಲೋನ್ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಹಾಗಾದ್ರೆ ನಮ್ಮ ಮನೆ?"

"ನಿಮ್ಮ ಮನೇನಾ? ನಾವು ಕಟ್ಟೋ ಗೋಡೆ ಒಂದೂವರೆ ಮೀಟರ್. ನಿಮ್ಮಲ್ಲಿ ನೀರು ಎರಡು ಮೀಟರ್ ಹತ್ತು. ಗೋಡೆ ಕಟ್ಟಿ ಏನು ಪ್ರಯೋಜನ? ಆ ಮನೆ ವಾಸಕ್ಕೆ ಯೋಗ್ಯ ಅಲ್ಲ. ಮೂರು ದಿನದಲ್ಲಿ ಖಾಲಿ ಮಾಡಿ. ಇರೋಕೆ ಪುರಸಭೆಯಿಂದ ಡೇರೆ ಹಾಕಿಕೊಡ್ತೀವಿ."

"ಸಾಹೇಬ್ರೇ, ಆ ಗೆರೆ ಇವತ್ತು ಬೆಳಗ್ಗೆ ಬಳಿದಿದ್ದು! ಈ ಚೀಲ ಎಲ್ಲಾ ನಂದು! ಒಂದೊಂದನ್ನೂ ನಾನೇ ತುಂಬಿ ಹೊಲಿದಿದ್ದು!"

ಇಂಜಿನಿಯರ್ ಕನಿಕರದಿಂದ ಅವನ ಭುಜ ತಟ್ಟಿದ. "ನೋಡಪ್ಪಾ, ಏನೂ ತಯಾರಿಲ್ಲ ಅಂತ ನೀನೇ ಹೇಳ್ದೆ. ನೆರೆಹೊರೆಯವರು ಕಷ್ಟಪಟ್ಟಿದ್ದನ್ನ ನೋಡಿ ಹೊಟ್ಟೆ ಉರ್ಕೋಬಾರ್ದು. ಕಲೀಬೇಕು." ಅಬ್ಸಲೋನನ ಮನೆ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಎಳೆದು, ಕೈಗೊಂದು ಕಾಗದ ಕೊಟ್ಟು ಹೋದ. ಯಾರ್ಲೆಕೆಯ ಪೆನ್ನೂ ಅವನ ಜೊತೆಗೇ ಹೋಯಿತು.

ಗುಂಪು ಕರಗಿತು. ಎಲ್ಲರಿಗೂ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಅನ್ನ ನೆನಪಾಗಿತ್ತು. ಅಬ್ಸಲೋನ್ ಉಳಿದ ಒಬ್ಬನೇ ಒಬ್ಬನ ತೋಳು ಹಿಡಿದ. "ಕೊಂಪಾದ್ರೆ, ನನ್ನ ಚೀಲಗಳನ್ನಾದ್ರೂ ವಾಪಸ್ ಕೊಡ್ಸಿ."

ಯಾರ್ಲೆಕೆ ನಿಜಕ್ಕೂ ನೊಂದುಕೊಂಡ. "ಕೊಡ್ಸಬಹುದಿತ್ತು ಕಣೋ. ಆದ್ರೆ ಫೋಟೊ ತೆಗೆದು ಹೆಸರು ಬರ್ಕೊಂಡು ಹೋಗಿದ್ದಾನೆ. ಮತ್ತೆ ಬಂದು ನೋಡ್ತಾನಂತೆ. ಒಂದು ಚೀಲ ಕಮ್ಮಿಯಾದ್ರೂ ಸರ್ಕಾರಕ್ಕೆ ಸುಳ್ಳು ಹೇಳ್ದ ಹಾಗಾಗಲ್ವಾ? ನಮ್ಮ ಬೀದಿ ಮರ್ಯಾದೆ ಪ್ರಶ್ನೆ."

ಅಬ್ಸಲೋನ್ ಮನೆಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತ. ಆರು ವಾರ ಭದ್ರವಾಗಿದ್ದ ಬಾಗಿಲು ಈಗ ಹಳ್ಳದ ಕಡೆಗೆ ಹಾರು ಹೊಡೆದಿತ್ತು. ಅವನಿಗೆ ಅಳು ಬಂತು, ನಾಚಿಕೆಯೂ ಬಂತು. ಪಕ್ಕದಲ್ಲಿ ತೆಯೊಲಿಂದ ಇಂಜಿನಿಯರ್ ಕೊಟ್ಟ ಕಾಗದ ಬಿಡಿಸಿದಳು.

"ಡೇರೆ ಎಲ್ಲಿ ಹಾಕ್ತಾರಂತೆ?" ಎಂದು ಕೇಳಿದ.

"ಫುಟ್‌ಬಾಲ್ ಮೈದಾನದಲ್ಲಿ."

ಅಷ್ಟಾದರೂ ಆಯಿತಲ್ಲ ಎಂದುಕೊಂಡ. ಭಾನುವಾರದ ಆಟವನ್ನು ಡೇರೆಯಿಂದಲೇ ನೋಡಬಹುದು.

"ಕೆಳಗೆ ಇನ್ನೇನೋ ಬರ್ದಿದೆ," ಎಂದಳು ತೆಯೊಲಿಂದ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ನಿಧಾನಕ್ಕೆ ಓದಿದಳು. "'ಮೈದಾನ ತಗ್ಗಿನಲ್ಲಿರುವುದರಿಂದ, ಡೇರೆಗೆ ಬರುವ ಪ್ರತಿಯೊಂದು ಕುಟುಂಬವೂ ತಲೆಗೆ ಮೂವತ್ತರಂತೆ ಮರಳು ತುಂಬಿದ ಚೀಲಗಳನ್ನು ತಾನೇ ತರತಕ್ಕದ್ದು.'"

ಗಂಡ ಹೆಂಡತಿ ಇಬ್ಬರು, ಹೆಣ್ಣುಮಕ್ಕಳು ಇಬ್ಬರು. ಲೆಕ್ಕ ಹಾಕಲು ಅಬ್ಸಲೋನನಿಗೆ ಬೆರಳು ಬೇಕಾಗಲಿಲ್ಲ.

ಬೇಲಿಯಾಚೆಯಿಂದ ದೋನ್ಯಾ ಪೆತ್ರೊನಿಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಷ್ಟ ಕಂಡರೆ ಕರಗುವ ಜೀವ ಅದು. ಕೂಡಲೇ ಒಳಗೆ ಹೋಗಿ, ಅಬ್ಸಲೋನನದೇ ಸಲಿಕೆಯನ್ನು ತಂದು ಬೇಲಿಯ ಮೇಲಿಂದ ಚಾಚಿದಳು.

"ತಗೋ ಮಗಾ, ಸಂಕೋಚ ಪಟ್ಕೋಬೇಡ. ನಿನ್ನ ಕೆಲಸ ಮುಗಿಸ್ಕೊಂಡು ವಾಪಸ್ ಕೊಟ್ರೆ ಸಾಕು."